ಬೆದೆಯ ಇಂಜೆಕ್ಷನ್, ಮಂಡಿನೋವಿನ ಮಾತ್ರೆ ಮತ್ತು ನಿಮ್ಮ ಹೃದಯ



ಕೊಬ್ಬು ಎಂದರೆ ನಿಮಗೆ ಮೊದಲು ನೆನಪಾಗುವುದು ಸಂಘದ ಫ್ಯಾಟ್ ಯಂತ್ರ. ಬೆಳಿಗ್ಗೆ ಹಾಲು ಹಾಕಿ, ಇವತ್ತು ಫ್ಯಾಟ್ ಎಷ್ಟು ಬಂತು ಎಂದು ನೋಡದೆ ಮನೆ ಕಡೆ ಹೆಜ್ಜೆ ಹಾಕುವವರು ಕಡಿಮೆ. ಆಮೇಲೆ ನೆನಪಾಗುವುದು ತುಪ್ಪ. ಅದರ ಹಿಂದೆಯೇ "ಹಾರ್ಟಿಗೆ ಒಳ್ಳೆಯದಲ್ಲವಂತೆ" ಎಂಬ ಮಾತು.

ಈ ಸಲ ನಾನು ಹೇಳಹೊರಟಿರುವುದು ಮೂರನೆಯ ಬಗೆಯ ಕೊಬ್ಬಿನ ವಿಷಯ. ಇದು ಫ್ಯಾಟ್ ಯಂತ್ರದ ಅಳತೆಗೆ ಸಿಗುವುದಿಲ್ಲ, ಡಬ್ಬಿಯಲ್ಲಿ ತುಂಬಿಡಲೂ ಆಗುವುದಿಲ್ಲ. ಮೈಯೊಳಗೆ ಒಂದು ಜೀವಕೋಶ ಪಕ್ಕದ ಜೀವಕೋಶಕ್ಕೆ ಸುದ್ದಿ ಮುಟ್ಟಿಸಲು ಆಗಿಂದಾಗ ತಯಾರಿಸಿಕೊಳ್ಳುವ ಕೊಬ್ಬು ಇದು. ನಿಮ್ಮ ಹಸುವನ್ನು ಬೆದೆಗೆ ತರುವುದು ಇದೇ. ನಿಮ್ಮ ರಕ್ತ ಹೆಪ್ಪುಗಟ್ಟಬೇಕೋ ಹರಿಯಬೇಕೋ ಎಂದು ತೀರ್ಮಾನಿಸುವುದರಲ್ಲೂ ಇದರ ಕೈ ದೊಡ್ಡದು. ನೀವು ಮಂಡಿನೋವಿಗೆ ನುಂಗುವ ಮಾತ್ರೆ ಕೆಲಸ ಮಾಡುವುದೂ ಇದರ ಮೇಲೆಯೇ. ಆದ್ದರಿಂದ ಕೊಟ್ಟಿಗೆಯಿಂದಲೇ ಶುರು ಮಾಡೋಣ.

ಕಾಂಪೌಂಡ್ ಆಚೆಯಿಂದ ಕೂಗಿದ ಹಾಗೆ

ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನ ತೆಳುವಾದ ಪೊರೆ ಇರುತ್ತದೆ. ಆ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಸೇರಿಕೊಂಡಿರುತ್ತದೆ. ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ, ಇಲ್ಲವೇ ಹಾರ್ಮೋನಿನ ಅಪ್ಪಣೆ ಬಂದಾಗ ಜೀವಕೋಶ ಆ ಆಮ್ಲವನ್ನು ಪೊರೆಯಿಂದ ಬಿಡಿಸಿಕೊಂಡು, ಕಾಕ್ಸ್ ಎಂಬ ಕಿಣ್ವದ ಸಹಾಯದಿಂದ ಸುದ್ದಿಯ ವಸ್ತುವಾಗಿ ಮಾರ್ಪಡಿಸುತ್ತದೆ. ಈ ವಸ್ತುಗಳ ಕುಟುಂಬದ ಹೆಸರು ಪ್ರೋಸ್ಟಾಗ್ಲಾಂಡಿನ್.

ಹಾರ್ಮೋನುಗಳು ಹಾಲಿನ ವ್ಯಾನಿನ ಹಾಗೆ. ಒಂದು ಕಡೆ ಹೊರಟು ಊರೂರು ಸುತ್ತುತ್ತವೆ. ಪ್ರೋಸ್ಟಾಗ್ಲಾಂಡಿನ್ ಹಾಗಲ್ಲ. ಕಾಂಪೌಂಡ್ ಆಚೆಯಿಂದ ಪಕ್ಕದ ಮನೆಯವರನ್ನು ಕೂಗಿದಂತೆ. ಹತ್ತಿರದವರಿಗೆ ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ದನಿ ಆರಿಹೋಗುತ್ತದೆ. ರಕ್ತದಲ್ಲಿ ಇದರ ಆಯಸ್ಸು ಕೆಲವೇ ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ.

1930ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಫಾನ್ ಆಯ್ಲರ್ ಇದನ್ನು ವೀರ್ಯದ್ರವದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯಿಂದ ಬಂದಿರಬೇಕೆಂದು ಈ ಹೆಸರಿಟ್ಟರು. ಹೆಣ್ಣು, ಗಂಡು, ಹಸು, ಹೋರಿ ಎನ್ನದೆ ಮೈಯ ಬಹುತೇಕ ಎಲ್ಲ ಭಾಗಗಳಲ್ಲೂ ಇದು ತಯಾರಾಗುತ್ತದೆ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹಸುವಿನಲ್ಲಿ ಇದರ ಕೆಲಸ

ಬೆದೆ ಮುಗಿದು ಅಂಡ ಬಿಡುಗಡೆಯಾದ ಜಾಗದಲ್ಲಿ, ಅಂಡಾಶಯದ ಮೇಲೆ ಹಳದಿ ಕಾಯ ಬೆಳೆಯುತ್ತದೆ. ಗರ್ಭ ನಿಲ್ಲಿಸುವ ಪ್ರೊಜೆಸ್ಟರಾನ್ ಹಾರ್ಮೋನು ಬರುವುದು ಇದರಿಂದ. ಹಸು ಗರ್ಭ ಕಟ್ಟದಿದ್ದರೆ 16–17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೋಸ್ಟಾಗ್ಲಾಂಡಿನ್ ತಯಾರಿಸಿ, ಆ ಹಳದಿ ಕಾಯವನ್ನು ಕರಗಿಸುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, ಹಸು ಮತ್ತೆ ಬೆದೆಗೆ ಬರುತ್ತದೆ. 21 ದಿನದ ಲೆಕ್ಕ ನಡೆಯುವುದು ಹೀಗೆ. ಗರ್ಭ ಕಟ್ಟಿದ್ದರೆ ಭ್ರೂಣವೇ ಸೂಚನೆ ಕಳಿಸಿ ಇದನ್ನು ತಡೆಯುತ್ತದೆ.

ಹಳದಿ ಕಾಯ ಹಾಗೆಯೇ ಉಳಿದುಬಿಟ್ಟಾಗ, ಗರ್ಭಕೋಶದಲ್ಲಿ ಕೀವು ತುಂಬಿದಾಗ, ಇಲ್ಲವೇ ಬೆದೆಯ ದಿನವನ್ನು ಹೊಂದಿಸಬೇಕಾದಾಗ ನಾವು ಪಿ.ಜಿ. ಇಂಜೆಕ್ಷನ್ ಕೊಡುತ್ತೇವೆ. ಕೃತಕವಾಗಿ ತಯಾರಿಸಿದ ಕ್ಲೋಪ್ರೊಸ್ಟೆನಾಲ್ ಆದರೆ ಹಸುವಿಗೆ ಬೇಕಾಗುವುದು ಅರ್ಧ ಮಿಲಿಗ್ರಾಂ. ನಾನ್ನೂರು ಕಿಲೋ ತೂಕದ ಹಸುವಿಗೆ ಅಷ್ಟು ಸಾಕು. ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ ಬೆದೆ ಕಾಣಿಸುತ್ತದೆ. ಗರ್ಭ ಪರೀಕ್ಷೆ ಮಾಡಿಸದೆ ಈ ಇಂಜೆಕ್ಷನ್ ಹಾಕಿಸಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ. ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕಿಬಿಡುತ್ತದೆ.

ಈ ಬಾಟಲಿಯನ್ನು ಗರ್ಭಿಣಿಯರು ಮುಟ್ಟಬಾರದು

ಇದನ್ನು ದಯವಿಟ್ಟು ಎರಡು ಸಲ ಓದಿ. ಪ್ರೋಸ್ಟಾಗ್ಲಾಂಡಿನ್ ಔಷಧಿ ಕೊಬ್ಬಿನ ಜಾತಿಯದಾದ್ದರಿಂದ ಚರ್ಮದ ಮೂಲಕವೇ ಮೈಯೊಳಗೆ ಇಳಿಯಬಲ್ಲದು. ಗರ್ಭಿಣಿಯ ಕೈ ಮೇಲೆ ಚೆಲ್ಲಿದರೆ ಅಥವಾ ಸೂಜಿ ಚುಚ್ಚಿದರೆ ಗರ್ಭಪಾತವಾಗುವ ಅಪಾಯವಿದೆ. ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು, ಉಬ್ಬಸದವರು ಆ ಬಾಟಲಿ, ಸಿರಿಂಜು, ಸೂಜಿ ಯಾವುದನ್ನೂ ಹಿಡಿಯಬೇಡಿ. ಇಂಜೆಕ್ಷನ್ ಕೊಡಲು ಬಂದವರಿಗೆ ಸಂಕೋಚ ಪಡದೆ ಮೊದಲೇ ಹೇಳಿ. ಚರ್ಮದ ಮೇಲೆ ಬಿದ್ದರೆ ತಕ್ಷಣ ಸೋಪು ನೀರಿನಿಂದ ತೊಳೆದು, ತಡಮಾಡದೆ ವೈದ್ಯರಿಗೆ ತಿಳಿಸಿ. ಖಾಲಿ ಬಾಟಲಿ, ಸೂಜಿಗಳನ್ನು ಕೊಟ್ಟಿಗೆಯ ಸಂದಿಯಲ್ಲಿ ಸಿಕ್ಕಿಸಿಡದೆ, ಬಂದವರ ಕೈಗೇ ವಾಪಸು ಕೊಡಿ.

ರಕ್ತನಾಳದೊಳಗೆ ಹಗ್ಗಜಗ್ಗಾಟ

ಈಗ ಹೃದಯದ ಕಡೆಗೆ ಬರೋಣ. ಡೆಂಗಿ ಬಂದಾಗ "ಪ್ಲೇಟ್‌ಲೆಟ್ ಇಳಿದಿದೆ" ಎನ್ನುವುದನ್ನು ಕೇಳಿದ್ದೀರಿ. ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿ ತೇಲುವ ಪುಟ್ಟ ಚೂರುಗಳು. ಕುಡುಗೋಲು ತಾಗಿ ಬೆರಳು ಕುಯ್ದರೆ ಇವು ಓಡಿ ಬಂದು ಒಂದಕ್ಕೊಂದು ಅಂಟಿ, ಗಾಯಕ್ಕೆ ಬಿರಟೆ ಹಾಕುತ್ತವೆ.

ಹೀಗೆ ಅಂಟಿಕೊಳ್ಳಲು ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ಕೊಬ್ಬಿನ ಸುದ್ದಿಯನ್ನು ಕಳಿಸುತ್ತವೆ. "ಬನ್ನಿ, ಅಂಟಿಕೊಳ್ಳಿ, ರಕ್ತನಾಳ ಬಿಗಿಯಾಗಲಿ" ಎನ್ನುವುದು ಅದರ ಮಾತು. ರಕ್ತನಾಳದ ಒಳಗೋಡೆ ಪ್ರೋಸ್ಟಾಸೈಕ್ಲಿನ್ ಎಂಬ ಇನ್ನೊಂದು ಸುದ್ದಿಯನ್ನು ಕಳಿಸುತ್ತದೆ. "ಅಂಟಬೇಡಿ, ದಾರಿ ಬಿಡಿ, ನಾಳ ಹಿಗ್ಗಲಿ" ಎನ್ನುತ್ತದೆ ಅದು. ಥ್ರಾಂಬಾಕ್ಸೇನನ್ನು 1975ರಲ್ಲಿ, ಪ್ರೋಸ್ಟಾಸೈಕ್ಲಿನ್ನನ್ನು 1976ರಲ್ಲಿ ಗುರುತಿಸಿದರು. ಎರಡೂ ಹುಟ್ಟುವುದು ಅದೇ ಅರಾಕಿಡೋನಿಕ್ ಆಮ್ಲದಿಂದ. ಒಂದೇ ಹಾಲಿನಿಂದ ಮೊಸರೂ ಆಗುತ್ತದೆ, ಪನೀರೂ ಆಗುತ್ತದೆ ಅಲ್ಲವೇ, ಹಾಗೆ.

ಆರೋಗ್ಯವಂತರಲ್ಲಿ ಈ ಎರಡೂ ಸಮ ಸಮ ನಿಂತಿರುತ್ತವೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಹೆಚ್ಚಿದ ಬಿ.ಪಿ., ಹೆಚ್ಚಿದ ಕೊಲೆಸ್ಟ್ರಾಲ್ ಇವು ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಅಲ್ಲಿ ಜಿಡ್ಡಿನ ಗಂಟು ಕಟ್ಟುತ್ತದೆ. ಒಂದು ದಿನ ಆ ಗಂಟು ಬಿರಿದರೆ ಪ್ಲೇಟ್‌ಲೆಟ್‌ಗಳು ಅದನ್ನು ಗಾಯವೆಂದೇ ತಿಳಿದು ಮುತ್ತಿಕೊಳ್ಳುತ್ತವೆ. ಬೆರಳಿನ ರಕ್ತ ನಿಲ್ಲಿಸಿ ಕಾಪಾಡುವ ಬಿರಟೆಯೇ ಹೃದಯದ ರಕ್ತನಾಳದಲ್ಲಿ ಕೂತರೆ ಹೃದಯಾಘಾತ. ಮಿದುಳಿನ ರಕ್ತನಾಳದಲ್ಲಿ ಕೂತರೆ ಪಾರ್ಶ್ವವಾಯು, ಅಂದರೆ ನಾವು ಲಕ್ವ ಎನ್ನುವುದು.

ಆಸ್ಪಿರಿನ್ ಮಾಡುವುದೇನು?

ಆಸ್ಪಿರಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದದ್ದು 1971ರಲ್ಲಿ. ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ಅದು ನಿಲ್ಲಿಸುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟರು. ಈ ಕೊಬ್ಬಿನ ಸುದ್ದಿಗಳ ಮೇಲಿನ ಕೆಲಸಕ್ಕಾಗಿ 1982ರಲ್ಲಿ ವೇನ್ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರಾಂ ಮತ್ತು ಸ್ಯಾಮುಯೆಲ್‌ಸನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ಆಸ್ಪಿರಿನ್ ಕಾಕ್ಸ್ ಕಿಣ್ವಕ್ಕೆ ಶಾಶ್ವತವಾಗಿ ಬೀಗ ಹಾಕುತ್ತದೆ. ರಕ್ತನಾಳದ ಗೋಡೆಯ ಜೀವಕೋಶಗಳು ಹೊಸ ಕಿಣ್ವ ತಯಾರಿಸಿಕೊಂಡು ಚೇತರಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಆ ಶಕ್ತಿ ಇಲ್ಲ. ಬೀಗ ಬಿದ್ದ ಪ್ಲೇಟ್‌ಲೆಟ್ ತನ್ನ ಏಳರಿಂದ ಹತ್ತು ದಿನದ ಆಯಸ್ಸು ಮುಗಿಯುವವರೆಗೂ ಥ್ರಾಂಬಾಕ್ಸೇನ್ ತಯಾರಿಸಲಾರದು. ಹೃದಯದ ಕಾಯಿಲೆಯವರಿಗೆ ದಿನಕ್ಕೆ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಸಾಕಾಗುವುದು ಈ ಕಾರಣಕ್ಕೆ.

1988ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಹೃದಯಾಘಾತವಾಗಿದೆಯೆಂದು ಆಸ್ಪತ್ರೆಗೆ ಬಂದ 17 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿದರು. ಆಸ್ಪಿರಿನ್ ಸಿಗದವರಲ್ಲಿ ಐದು ವಾರದೊಳಗೆ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ನೂರಕ್ಕೆ ಸುಮಾರು 12 ಜನ ತೀರಿಕೊಂಡರೆ, ಸಿಕ್ಕವರಲ್ಲಿ ಆ ಸಂಖ್ಯೆ ಸುಮಾರು 9.

ಹಾಗೆಂದು ಎಲ್ಲರೂ ದಿನವೂ ಆಸ್ಪಿರಿನ್ ನುಂಗಬೇಕಾಗಿಲ್ಲ. 2018ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ 19 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರಿದ್ದರು. ಅವರಿಗೆ ಆಸ್ಪಿರಿನ್‌ನಿಂದ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಬರೆದುಕೊಟ್ಟಿದ್ದರೆ ನಾವಾಗಿಯೇ ನಿಲ್ಲಿಸಲೂಬಾರದು.

ಮಂಡಿನೋವಿನ ಮಾತ್ರೆಯ ಲೆಕ್ಕ

ನಮ್ಮ ಮನೆಗಳಲ್ಲಿ ಹೆಚ್ಚು ಖರ್ಚಾಗುವುದು ಆಸ್ಪಿರಿನ್ ಅಲ್ಲ, ನೋವಿನ ಮಾತ್ರೆ. ಎರಡು ಹೊತ್ತು ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವುದು, ಸಗಣಿ ಬಾಚುವುದು, ಮೇವಿನ ಹೊರೆ ಹೊರುವುದು, ಜೊತೆಗೆ ಮನೆಗೆಲಸ. ನಲವತ್ತಕ್ಕೆಲ್ಲ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ "ನೋವಿಗೆ ಒಂದು ಮಾತ್ರೆ ಕೊಡಿ" ಎಂದರೆ ಸಾಕು, ಸಿಗುತ್ತದೆ. ನುಂಗಿದರೆ ಸಂಜೆ ಹಾಲು ಕರೆಯಲು ಆಗುತ್ತದೆ. ಹೀಗೆ ತಿಂಗಳು, ವರ್ಷ ಕಳೆದುಹೋಗುತ್ತದೆ.

ನೋವು, ಊತ, ಜ್ವರ ತರುವುದರಲ್ಲೂ ಪ್ರೋಸ್ಟಾಗ್ಲಾಂಡಿನ್ ಕೈವಾಡ ಇರುವುದರಿಂದ ಈ ಮಾತ್ರೆಗಳು ಕಾಕ್ಸ್ ಕಿಣ್ವವನ್ನು ತಡೆಯುತ್ತವೆ. ಈ ಕಿಣ್ವದಲ್ಲಿ ಎರಡು ಬಗೆ. ಪ್ಲೇಟ್‌ಲೆಟ್‌ನಲ್ಲಿ ಥ್ರಾಂಬಾಕ್ಸೇನ್ ತಯಾರಿಸುವುದು ಕಾಕ್ಸ್-1. ಊತ ಇರುವ ಕಡೆ ಕೆಲಸ ಮಾಡುವುದು, ರಕ್ತನಾಳದ ಪ್ರೋಸ್ಟಾಸೈಕ್ಲಿನ್‌ಗೆ ಹೆಚ್ಚಾಗಿ ಕಾರಣವಾಗುವುದು ಕಾಕ್ಸ್-2. ಕಾಕ್ಸ್-2 ಒಂದನ್ನೇ ಅದುಮಿದರೆ ನೋವೇನೋ ಹೋಗುತ್ತದೆ. ಅದರ ಜೊತೆಗೆ "ದಾರಿ ಬಿಡಿ" ಎನ್ನುವ ದನಿಯೂ ಅಡಗುತ್ತದೆ, "ಅಂಟಿಕೊಳ್ಳಿ" ಎನ್ನುವ ದನಿ ಮಾತ್ರ ಉಳಿಯುತ್ತದೆ. ತಕ್ಕಡಿ ಒಂದೇ ಕಡೆ ವಾಲುತ್ತದೆ.

ರೋಫೆಕಾಕ್ಸಿಬ್ ಎಂಬ ಹೆಸರಾಂತ ನೋವಿನ ಮಾತ್ರೆಗೆ ಆದದ್ದು ಇದೇ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತವೆಂದು ಗೊತ್ತಾಗಿ, 2004ರ ಸೆಪ್ಟೆಂಬರಿನಲ್ಲಿ ತಯಾರಕರೇ ಅದನ್ನು ಜಗತ್ತಿನಾದ್ಯಂತ ವಾಪಸು ಪಡೆದರು. ಆ ವರ್ಷದ ಕೊನೆಗೆ ಭಾರತದಲ್ಲೂ ನಿಷೇಧವಾಯಿತು.

ನಮಗೆ ಹೆಚ್ಚು ಪರಿಚಯವಿರುವ ಡೈಕ್ಲೋಫೆನಾಕ್ ಕೂಡ ಬಹುಮಟ್ಟಿಗೆ ಇದೇ ದಾರಿಯದು. 2013ರಲ್ಲಿ ಪ್ರಕಟವಾದ ಲೆಕ್ಕದಂತೆ, ಸಾವಿರ ಜನ ಒಂದು ವರ್ಷ ಪೂರ್ತಿ ದಿನವೂ 150 ಮಿಲಿಗ್ರಾಂ ತೆಗೆದುಕೊಂಡರೆ, ತೆಗೆದುಕೊಳ್ಳದವರಿಗಿಂತ ಸುಮಾರು ಮೂವರಿಗೆ ಹೆಚ್ಚಾಗಿ ಹೃದಯಾಘಾತದಂಥ ದೊಡ್ಡ ತೊಂದರೆಯಾಗುತ್ತದೆ. ಎರಡು ದಿನ ನುಂಗಿದವರು ಹೆದರಬೇಕಾಗಿಲ್ಲ. ವರ್ಷಗಟ್ಟಲೆ ನುಂಗುವವರು, ಅದರಲ್ಲೂ ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಯೋಚಿಸಲೇಬೇಕು. ಅಸಿಕ್ಲೋಫೆನಾಕ್ ಎಂಬುದು ಬೇರೆ ಹೆಸರಾದರೂ, ಮೈಯೊಳಗೆ ಅದರ ಸ್ವಲ್ಪ ಭಾಗ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ.

ಇನ್ನೂ ಎರಡು ಮಾತು. ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಪ್ರೋಸ್ಟಾಗ್ಲಾಂಡಿನ್. ನೋವಿನ ಮಾತ್ರೆ ಅದನ್ನು ತಡೆದಾಗ ಉಪ್ಪು, ನೀರು ಮೈಯಲ್ಲೇ ನಿಂತು ಕಾಲು ಊದುತ್ತದೆ, ಬಿ.ಪಿ. ಏರುತ್ತದೆ. ನೀರು ಸರಿಯಾಗಿ ಕುಡಿಯದೆ ಬಿಸಿಲಲ್ಲಿ ದುಡಿಯುವವರಿಗೆ ಇದು ಇನ್ನೂ ಕೆಟ್ಟದ್ದು. ಎರಡನೆಯದು, ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಅದಕ್ಕೆ ಮೊದಲು ಐಬುಪ್ರೊಫೆನ್ ನುಂಗಿದರೆ, ಆಸ್ಪಿರಿನ್ ಬೀಗ ಹಾಕಬೇಕಾದ ಜಾಗದಲ್ಲಿ ಅದು ಕೂತಿರುತ್ತದೆ. ಆಸ್ಪಿರಿನ್ ವ್ಯರ್ಥವಾಗುತ್ತದೆ.

ಹೊಟ್ಟೆಯೊಳಗಿನ ಮಗುವಿನ ಹೃದಯ

ಹೊಟ್ಟೆಯಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಆದ್ದರಿಂದ ಹೃದಯದಿಂದ ಹೊರಟ ರಕ್ತ ಶ್ವಾಸಕೋಶವನ್ನು ಬಳಸಿ ಹೋಗಲು ಒಂದು ಅಡ್ಡದಾರಿ ಇರುತ್ತದೆ. ಆ ದಾರಿಯನ್ನು ತೆರೆದಿಡುವುದೂ ಪ್ರೋಸ್ಟಾಗ್ಲಾಂಡಿನ್. ಹುಟ್ಟಿದ ಮೇಲೆ ಅದರ ಮಟ್ಟ ಇಳಿದು, ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಹೃದಯದ ದೋಷ ಇದ್ದು, ಆ ಅಡ್ಡದಾರಿಯಿಂದಲೇ ಬದುಕಬೇಕಾಗಿರುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ಅವರಿಗೆ ಪ್ರೋಸ್ಟಾಗ್ಲಾಂಡಿನ್ ಹನಿ ಹನಿಯಾಗಿ ಕೊಟ್ಟು ಉಳಿಸಿಕೊಳ್ಳುತ್ತಾರೆ.

ಇದರಿಂದ ನೀವು ತಿಳಿಯಬೇಕಾದದ್ದು ಇಷ್ಟು. ಗರ್ಭಿಣಿ ಸೊಂಟನೋವಿಗೆ ತಾನಾಗಿ ನೋವಿನ ಮಾತ್ರೆ ನುಂಗಬಾರದು. ಕೊನೆಯ ಮೂರು ತಿಂಗಳಲ್ಲಿ ಈ ಜಾತಿಯ ಮಾತ್ರೆಗಳು ಮಗುವಿನ ಆ ಅಡ್ಡದಾರಿಯನ್ನು ಹುಟ್ಟುವ ಮೊದಲೇ ಮುಚ್ಚಿಬಿಡಬಹುದು. ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾಗಿದ್ದರೆ ಈ ಮಾತನ್ನು ಅವರಿಗೂ ಹೇಳಿ.

ಹಸುವಿನ ಔಷಧಿ ಹಸುವಿಗೇ ಇರಲಿ

ಕೆಚ್ಚಲು ಬಾವು ಬಂದಾಗ, ಜ್ವರ ಬಂದಾಗ ಹಸುವಿಗೂ ನಾವು ಇದೇ ಜಾತಿಯ ನೋವಿನ ಔಷಧಿ ಕೊಡುತ್ತೇವೆ. "ನನಗೂ ಸೊಂಟ ನೋವು, ಇದರಲ್ಲೇ ಒಂದು ಮಾತ್ರೆ ತಗೊಳ್ಳಲಾ ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ. ಬೇಡ. ಅದರ ಪ್ರಮಾಣ ನೂರಾರು ಕಿಲೋ ತೂಕದ ಪ್ರಾಣಿಗೆಂದು ಇರುವುದು.

ಒಂದು ಕಾಲಕ್ಕೆ ಹಸುಗಳಿಗೂ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಆ ಹಸು ಸತ್ತು, ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಲ್ಲಿ ರಣಹದ್ದುಗಳ ಸಂತತಿ ಬಹುಪಾಲು ಅಳಿಸಿಹೋಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಬೆರಳೆಣಿಕೆಯಷ್ಟನ್ನು ಕಾಪಾಡಿಕೊಳ್ಳಬೇಕಾಗಿ ಬಂದಿದೆ. ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆಗೆ 2006ರಲ್ಲಿ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಬಳಕೆಗೆ 2023ರಲ್ಲಿ ಸರ್ಕಾರ ನಿಷೇಧ ಹಾಕಿದೆ. ಹದ್ದುಗಳಿಗೆ ತೊಂದರೆ ಮಾಡದ ಮೆಲಾಕ್ಸಿಕಾಮ್ ಈಗ ಬಳಕೆಯಲ್ಲಿದೆ. ಮನುಷ್ಯರ ನೋವಿನ ಇಂಜೆಕ್ಷನ್ ತಂದು ಹಸುವಿಗೆ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನೀವು ಮಾಡಬಹುದಾದದ್ದು

• ಮಾತ್ರೆಯ ಹಾಳೆಯ ಎಡಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥದ್ದಲ್ಲ. ಓದಲು ಬಾರದಿದ್ದರೂ ಗೆರೆ ಕಾಣುತ್ತದೆ.

• ನೋವಿನ ಮಾತ್ರೆ ವಾರದಲ್ಲಿ ಎಷ್ಟು ನುಂಗುತ್ತೀರಿ ಎಂದು ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ತಿಂಗಳು ಬರೆದಿಡಿ. ವೈದ್ಯರ ಬಳಿ ಹೋಗುವಾಗ ಅದನ್ನೂ, ಖಾಲಿ ಹಾಳೆಯನ್ನೂ ಒಯ್ಯಿರಿ. ನೋವಿಗೆ ಹೃದಯಕ್ಕೆ ಕಡಿಮೆ ತೊಂದರೆಯ ದಾರಿ ಯಾವುದು ಎಂದು ಕೇಳಿ. ಎಷ್ಟೋ ಸಲ ಹಚ್ಚುವ ಮುಲಾಮು, ಬಿಸಿ ಶಾಖ, ತೊಡೆಯ ಸ್ನಾಯುವಿನ ವ್ಯಾಯಾಮಗಳಿಂದ ಮಾತ್ರೆ ಕಡಿಮೆಯಾಗುತ್ತದೆ.

• ಕುಕ್ಕರುಗಾಲಲ್ಲಿ ಕೂರುವ ಬದಲು ಗಟ್ಟಿಯಾದ ಸ್ಟೂಲಿನ ಮೇಲೆ ಕೂತು ಹಾಲು ಕರೆಯಿರಿ. ರಾಸುಗಳು ಹೆಚ್ಚಿದ್ದರೆ ಹಾಲು ಕರೆಯುವ ಯಂತ್ರದ ಬಗ್ಗೆ ಸಂಘದಲ್ಲಿ ವಿಚಾರಿಸಿ.

• ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡಿಸಿ. ಹಸುವಿಗೆ ಕಾಲುಬಾಯಿ ಲಸಿಕೆಯ ದಿನ ನೆನಪಿಡುವ ನಿಮಗೆ ಇದು ಕಷ್ಟವಲ್ಲ.

• ಡೆಂಗಿ ಅನುಮಾನ ಇರುವ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಮೊದಲೇ ಇಳಿದ ಪ್ಲೇಟ್‌ಲೆಟ್‌ಗಳು ಕೆಲಸವನ್ನೂ ನಿಲ್ಲಿಸಿದರೆ ರಕ್ತಸ್ರಾವವಾದೀತು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಜ್ವರ ಬಂದ ಕೂಡಲೇ ವೈದ್ಯರನ್ನು ಕೇಳಿ.

"ಗ್ಯಾಸ್" ಎಂದು ಕೂರಬೇಡಿ

ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಬೀಳುವುದು ಎಂದೇ ನಮ್ಮ ತಿಳಿವಳಿಕೆ. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಕುತ್ತಿಗೆ, ಬೆನ್ನು, ಭುಜದ ನೋವು, ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಎಂದೂ ಇಲ್ಲದ ಸುಸ್ತು ಕಾಣಿಸಬಹುದು. "ಗ್ಯಾಸ್ ಆಗಿದೆ, ಸೋಡಾ ಕುಡಿದರೆ ಸರಿಹೋಗುತ್ತದೆ", "ಹಾಲು ಕರೆದು ಆಮೇಲೆ ನೋಡೋಣ" ಎನ್ನುತ್ತಾ ಕೂತರೆ ಹೆಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ.

ಇಂಥ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯುತ್ತಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಈ ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಹೃದಯದ ಹೆಚ್ಚು ಭಾಗ ಉಳಿಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆ ಎಂದು ಇವತ್ತೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಸಂಘದ ಗೋಡೆಯ ಮೇಲೆ ಬರೆದು ಅಂಟಿಸಿ.

ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ಫೋನ್ ಮಾಡುತ್ತೀರಿ. ಅದು ಸರಿಯಾದ ಅಭ್ಯಾಸ. ನಿಮ್ಮ ಮೈಗೆ ಹುಷಾರಿಲ್ಲದಾಗಲೂ ಅಷ್ಟೇ ಬೇಗ ಫೋನ್ ಎತ್ತಿಕೊಳ್ಳಿ. ಮುಂದಿನ ಮಹಿಳಾ ಸಂಘದ ಸಭೆಯಲ್ಲಿ ಈ ಪುಟವನ್ನು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಪಿ.ಜಿ. ಇಂಜೆಕ್ಷನ್ ಬಗ್ಗೆ ಸಂದೇಹವಿದ್ದರೆ ಒಕ್ಕೂಟದ ಪಶುವೈದ್ಯರನ್ನು ಕೇಳಿ. ನಿಮ್ಮ ಸ್ವಂತ ಮಾತ್ರೆಯ ಬಗ್ಗೆ ನಿಮ್ಮ ಊರಿನ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ.

— ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ